ನೆತ್ತರ ನಂಟಿನ ಕಾಣೆಯಾದ ಪರೀಕ್ಷಕ

"ಅಮ್ಮ, ಕಳ್ಳ ಯಾರು ಅಂತ ಹುಡುಕೋ ಕಷ್ಟ ನಿಮಗೆ ಬೇಡ. ಬಹುಶಃ ನಾನೇ," ಎಂದ ಜಗನ್ನಾಥ, ಬಾಗಿಲಲ್ಲಿ ನಿಂತುಕೊಂಡೇ.

ದೇಚಮ್ಮ ಅವನ ಬಾಡಿದ ಮುಖವನ್ನೂ ಕಂಕುಳಲ್ಲಿದ್ದ ಫೈಲನ್ನೂ ನೋಡಿದರು. "ತಪ್ಪೊಪ್ಪಿಗೆಗೆ ಇಷ್ಟು ದಪ್ಪ ಫೈಲ್ ಯಾಕೆ? ಒಳಗೆ ಬಾ. ಕಾಫಿ ಕುಡಿದು ಆಮೇಲೆ ಜೈಲಿಗೆ ಹೋಗುವಿಯಂತೆ."

ಅದು ಎರಡು ಸಾವಿರದ ಒಂಬತ್ತನೆಯ ಇಸವಿ, ಫೆಬ್ರವರಿ ಹದಿನೇಳು, ಮಂಗಳವಾರದ ಸಂಜೆ. ದೆಹಲಿಯ ವಸಂತ್ ಕುಂಜ್‌ನಲ್ಲಿದ್ದ ಅವರ ಎರಡನೆಯ ಮಹಡಿಯ ಫ್ಲಾಟಿಗೆ ಇಂಥ ಮುಖ ಹೊತ್ತು ಬಂದವರಲ್ಲಿ ಜಗನ್ನಾಥ ಮೊದಲಿಗನಲ್ಲ. ದೇಚಮ್ಮ ಅಂಚೆ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದಿದ್ದರು. ಅದೂ ಬಟವಾಡೆಯಾಗದ ಕಾಗದಗಳ ವಿಭಾಗದಲ್ಲಿ. ಅರ್ಧ ಅಳಿಸಿದ ವಿಳಾಸ, ಕಣ್ಣೀರು ಬಿದ್ದು ಕದಡಿದ ಹೆಸರು, ಇಂಥವನ್ನು ಹಿಡಿದುಕೊಂಡು ಮನುಷ್ಯರನ್ನು ಹುಡುಕುವುದೇ ಅವರ ಕೆಲಸವಾಗಿತ್ತು. ನಿವೃತ್ತಿಯ ಮೇಲೆ ಬ್ಲಾಕಿನ ಜನ ತಮ್ಮ ಕಳೆದ ಒಡವೆಗಳನ್ನೂ ಕೆಟ್ಟ ಜಗಳಗಳನ್ನೂ ಅವರ ಮುಂದೆ ತಂದಿಡತೊಡಗಿದರು. ಅಂಥ ಪ್ರಕರಣಗಳಲ್ಲಿ ಟಿಪ್ಪಣಿ ಬರೆದುಕೊಳ್ಳುವವನು ಜಗನ್ನಾಥ. ಈ ಸಲ ಫರಿಯಾದಿಯೂ ಅವನೇ, ಆರೋಪಿಯೂ ಅವನೇ.

ಜಗನ್ನಾಥ ಒಂದು ಸಚಿವಾಲಯದಲ್ಲಿ ಗುಮಾಸ್ತ. ವಯಸ್ಸು ನಲವತ್ತೊಂದು. ಎರಡು ವರ್ಷ ಲಕ್ಷ್ಮೀ ನಗರದ ಇನ್‌ಸ್ಟಿಟ್ಯೂಟಿನಲ್ಲಿ, ತನ್ನ ಅರ್ಧ ವಯಸ್ಸಿನವರ ನಡುವೆ ಕೂತು, ಸಂಜೆ ತರಗತಿಯಲ್ಲಿ ಪ್ರೋಗ್ರಾಮಿಂಗ್ ಕಲಿತಿದ್ದ. ಕಲಿತದ್ದರಿಂದ ಒಂದು ಆ್ಯಪ್ ಕಟ್ಟಿದ್ದ. ಹೆಸರು 'ನೆತ್ತರ ನಂಟು'. ಹಿಂದೊಮ್ಮೆ ದೆಹಲಿಯ ಆಸ್ಪತ್ರೆಯೊಂದರ ವರಾಂಡದಲ್ಲಿ ಬಾಗಲಕೋಟೆಯ ಬಸಪ್ಪ ಎಂಬಾತ, ಹಿಂದಿ ಬಾರದೆ, ಸಿಕ್ಕಸಿಕ್ಕವರಿಗೆ ಕೈಮುಗಿದು ಕನ್ನಡದಲ್ಲೇ ರಕ್ತ ಕೇಳುತ್ತಿದ್ದ. ಜಗನ್ನಾಥನ ರಕ್ತ ಹೊಂದಿಕೆಯಾಗಿತ್ತು, ಕೊಟ್ಟುಬಂದಿದ್ದ. ಆ ಕೈಗಳು ಮಾತ್ರ ಅವನ ಕಣ್ಣಿನಿಂದ ಹೋಗಲಿಲ್ಲ. ಎಲ್ಲರೂ ಬಳಸುವ ಒಂದು ದೊಡ್ಡ ಸಾಮಾಜಿಕ ಜಾಲತಾಣದಲ್ಲೇ ಒಂದು ಗುಂಡಿ ಒತ್ತಿದರೆ, ದೆಹಲಿಯ ಕನ್ನಡಿಗರಲ್ಲಿ ಯಾರ ರಕ್ತ ಯಾವುದು, ಯಾರು ಹತ್ತಿರ ಇದ್ದಾರೆ ಎಂದು ಕಾಣಬೇಕು. ಇಷ್ಟೇ ಅವನ ಆಸೆ.

"ಆದರೆ ಅದಿನ್ನೂ ಡೆವಲಪ್‌ಮೆಂಟ್ ಮೋಡ್‌ನಲ್ಲೇ ಇದೆ ಅಮ್ಮ," ಎಂದ. "ಅಂದರೆ ನಮ್ಮ ಕಚೇರಿಯ ಕರಡು ಇದ್ದ ಹಾಗೆ. ಪರೀಕ್ಷಾ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಕಾಣುತ್ತೆ. ಜಾಲತಾಣದವರು ನೋಡಿ ಒಪ್ಪಿದ ಮೇಲೇ ಲೋಕಕ್ಕೆ. ನೋಡೋದಕ್ಕೆ ಅವರು ಒಂದು ಖಾತೆ ಕೊಟ್ಟಿದ್ದಾರೆ, ಹೆಸರು 'ಪರೀಕ್ಷಕ ಏಳು'. ಅದನ್ನ ಪಟ್ಟಿಗೆ ಸೇರಿಸಬೇಕು. ಸೇರಿಸಿದೆ. ಎರಡು ಸಲ ಅರ್ಜಿ ಹಾಕಿದೆ, ಎರಡು ಸಲವೂ ಸೇರಿಸಿದೆ. ಎರಡು ಸಲವೂ 'ನಮಗೆ ಏನೂ ಕಾಣಲಿಲ್ಲ' ಅಂತ ತಿರಸ್ಕಾರ ಬಂತು. ಹೋಗಿ ನೋಡಿದರೆ ಹೆಸರೇ ಇಲ್ಲ!"

"ಸೇರಿಸಿದ್ದೆ ಅನ್ನೋದು ಖಂಡಿತವೋ?"

ಜಗನ್ನಾಥ ಡೈರಿ ತೆರೆದ. ಜನವರಿ ಮೂವತ್ತೊಂದು, ಶನಿವಾರ: ಸೇರಿಸಿದೆ, ಎರಡು ಸಲ ನೋಡಿದೆ. ಸೋಮವಾರ ಸಂಜೆ: ತಿರಸ್ಕಾರ. ಫೆಬ್ರವರಿ ಹದಿನಾಲ್ಕು, ಶನಿವಾರ: ಸೇರಿಸಿದೆ, ಮೂರು ಸಲ ನೋಡಿದೆ. ಸೋಮವಾರ ಸಂಜೆ: ತಿರಸ್ಕಾರ.

"ಇದೆಲ್ಲ ಬರೆದುಕೊಂಡೂ ನಿನ್ನ ಮೇಲೇ ನಿನಗೆ ಅನುಮಾನವೇ?"

"ಬೀಗ ಹಾಕಿ ಬಸ್ ಹತ್ತಿದ ಮೇಲೂ ಹಾಕಿದೆನೋ ಇಲ್ಲವೋ ಅಂತ ಇಳಿದುಹೋಗೋ ಮನುಷ್ಯ ನಾನು," ಎಂದ ಜಗನ್ನಾಥ. "ಮೂರನೇ ಸಲ ತಿರಸ್ಕಾರವಾದರೆ ಪರವಾನಗಿಯೇ ರದ್ದು. ಆಮೇಲೆ ನೆತ್ತರ ನಂಟು ಇಲ್ಲ."

ಪಟ್ಟಿಯನ್ನು ತಿದ್ದಲು ಒಂದೇ ಪಾಸ್‌ವರ್ಡ್, ಬಲ್ಲವರು ನಾಲ್ವರು. ಒಬ್ಬ ಜಗನ್ನಾಥ. ಎರಡನೆಯವಳು ಹರಿಣಿ, ಆ್ಯಪ್‌ನ ಚಿತ್ರಗಳನ್ನು ಬರೆದ ಕಾಲೇಜು ಹುಡುಗಿ. ಮೂರನೆಯವನು ಆದರ್ಶ್, ನೋಯ್ಡಾದ ಕಂಪೆನಿಯೊಂದರ ಎಂಜಿನಿಯರ್. ನಾಲ್ಕನೆಯವರು ಕನ್ನಡ ಬಳಗದ ಕಾರ್ಯದರ್ಶಿ, ನಿವೃತ್ತ ಸುಬೇದಾರ್ ಚಂಗಪ್ಪ. ಹೆಸರು ಅಳಿಸಿದ್ದರ ದಾಖಲೆಯಲ್ಲಿ ತಾರೀಖು ಮಾತ್ರ ಇತ್ತು: ಫೆಬ್ರವರಿ ಒಂದು ಮತ್ತು ಹದಿನೈದು. ಎರಡೂ ಭಾನುವಾರ.

"ಬೇರೆ ಯಾರ ಹೆಸರಾದರೂ ಹೋಗಿದೆಯಾ?" ದೇಚಮ್ಮ ಕೇಳಿದರು.

"ಮೊದಲ ಭಾನುವಾರ ಹನ್ನೆರಡರಲ್ಲಿ ಮೂರು ಹೋಗಿತ್ತು. ಪರೀಕ್ಷಕ ಏಳು, ರೋಹಿಣಿಯ ಬೋಜಮ್ಮಜ್ಜಿ, ಆಮೇಲೆ ಆದರ್ಶ್‌ನ ಇನ್ನೊಂದು ಖಾತೆ. ಅದು ಅವನು ತಮಾಷೆಗೆ ಮಾಡಿದ್ದು, ಬರೀ ಹೆಸರು. ಪರೀಕ್ಷಕನದ್ದೂ ಬರೀ ಹೆಸರೇ. ನಾನು ಪರೀಕ್ಷಕನೊಬ್ಬನನ್ನೇ ವಾಪಸ್ ಸೇರಿಸಿದೆ. ಎರಡನೇ ಭಾನುವಾರ ಅವನೊಬ್ಬನೇ ಹೋದ."

"ಬೋಜಮ್ಮ! ರಕ್ತ ಪರೀಕ್ಷೆ ಅಂದರೆ ಮೂರು ಬಸ್ಸು ದೂರ ಓಡುವ ಹೆಂಗಸು," ಎಂದು ದೇಚಮ್ಮ ನಕ್ಕರು. ನಗು ಅರ್ಧಕ್ಕೆ ನಿಂತಿತು. ಲೋಟ ಕೆಳಗಿಟ್ಟರು. "ನಾಳೆ ಬಳಗದ ಕೋಣೆಗೆ ಹೋಗೋಣ."

ಬಳಗದ ಕೋಣೆ ಎಂದರೆ ಮಾರುಕಟ್ಟೆಯ ಹಿಂದಿನ ಒಂದು ನೆಲಮಾಳಿಗೆ: ಮಡಚುವ ಕುರ್ಚಿಗಳು, ಒಂದು ಕೇರಂ ಬೋರ್ಡು, ಒಂದು ಕಂಪ್ಯೂಟರ್. ಬುಧವಾರ ಸಂಜೆ ಇವರಿಬ್ಬರೂ ಹೋಗುವಷ್ಟರಲ್ಲಿ ಉಳಿದ ಮೂವರೂ ಅಲ್ಲಿದ್ದರು.

"ಇದರಲ್ಲಿ ಮಿಸ್ಟರಿ ಏನೂ ಇಲ್ಲ ಆಂಟಿ," ಎಂದ ಆದರ್ಶ್. "ಕೋಡ್‌ನಲ್ಲೇ ಏನೋ ಗಡ್‌ಬಡ್ ಇದೆ. ಈವ್ನಿಂಗ್ ಕ್ಲಾಸ್‌ನಲ್ಲಿ ಇದನ್ನೆಲ್ಲ ಹೇಳಿಕೊಡಲ್ಲ. ನಾನು ಮಾಡ್ತೀನಿ ಅಂದೆ, ಅಂಕಲ್ ಕೇಳಲಿಲ್ಲ."

ಜಗನ್ನಾಥ ನೆಲ ನೋಡಿದ. ಹೌದೇನೋ ಎಂದೇ ಅವನಿಗೂ ಅನ್ನಿಸಿತು.

"ಅರೇ ಯಾರ್, ಶಟ್ ಅಪ್!" ಹರಿಣಿ ಸಿಡಿದಳು. "ನಿನ್ನ ಕಂಪ್ನಿ ವೆಬ್‌ಸೈಟೇ ಎರಡು ದಿನ ಬಂದ್ ಇತ್ತು, ಪೂರಾ ಶಹರ್ ನಕ್ಕಿತ್ತು. ಆಂಟಿ, ಫರ್ಸ್ಟ್ ಸಂಡೇ ನಾನು ಕಾಲೇಜ್ ಟ್ರಿಪ್‌ನಲ್ಲಿ ಜೈಪುರದಲ್ಲಿದ್ದೆ. ಆನೆ ಮೇಲೆ ಫೋಟೋ ಇದೆ, ದಿಖಾವೂಂ?"

"ಕೋರ್ಟ್ ಆಫ್ ಎನ್‌ಕ್ವಯರಿ ಆಗಲಿ!" ಚಂಗಪ್ಪ ಮೇಜು ಕುಟ್ಟಿದರು. "ಜಗನ್ನಾಥನಂಥ ಪ್ರಾಮಾಣಿಕನ ಕೆಲಸಕ್ಕೆ ಕೈ ಹಾಕಿದವನನ್ನ ನಾನು ಬಿಡೋದಿಲ್ಲ. ನಾನಂತೂ ಆ ಆ್ಯಪನ್ನ ಮುಟ್ಟಿದವನೇ ಅಲ್ಲ."

ದೇಚಮ್ಮನ ಗಮನ ಮಾತಿನ ಮೇಲಿರಲಿಲ್ಲ. ಗೋಡೆಯ ಸೂಚನಾ ಫಲಕದ ಮುಂದೆ ಕನ್ನಡಕ ಏರಿಸಿ ನಿಂತಿದ್ದರು. ಚಂಗಪ್ಪನಿಗೆ ಎಣಿಸುವ ಚಟ; ಭಾನುವಾರ ಬೆಳಿಗ್ಗೆ ಕೋಣೆಯ ಸರ್ವಸ್ವವನ್ನೂ ಎಣಿಸಿ ಹಸಿರು ಶಾಯಿಯಲ್ಲಿ ಚೀಟಿ ಬರೆದು ಅಂಟಿಸುತ್ತಿದ್ದರು. 'ತಾ. ೧೫-೨-೨೦೦೯. ಕುರ್ಚಿ ೩೨. ಕೇರಂ ಪಾನು ೧೮. ಪಟ್ಟಿಬಲ ೯.' ಜಗನ್ನಾಥ ಆ ಚೀಟಿಗಳನ್ನು ನೂರು ಸಲ ನೋಡಿದ್ದ. ನೋಡಿದ್ದ ಅಷ್ಟೇ.

ಹೊರಗೆ ಬಂದ ಮೇಲೆ ದೇಚಮ್ಮ ಎರಡು ವಿಚಿತ್ರ ಆಜ್ಞೆ ಕೊಟ್ಟರು. "ಶನಿವಾರ ಅರ್ಜಿ ಹಾಕು. ಪಟ್ಟಿಗೆ ನನ್ನ ಹೆಸರನ್ನೂ ಸೇರಿಸು, ಆದರೆ ಹೆಸರು ಮಾತ್ರ, ಬೇರೇನೂ ಬೇಡ. ಆ ಪರೀಕ್ಷಕ ಏಳರ ಮುಂದೆ, ರಕ್ತದ ಗುಂಪಿನ ಕಾಲಂನಲ್ಲಿ, 'ನಿಲ್' ಅಂತ ಬರೆ."

"ನಿಮ್ಮದು ಖಾಲಿ ಬಿಡೋದೇ?" ಜಗನ್ನಾಥ ಕೇಳಿದ. "ಅವನದ್ದು ಗೊತ್ತಿಲ್ಲದೆ ಬರೆಯೋದೇ? ರಕ್ತದ ವಿಷಯದಲ್ಲಿ ಸುಳ್ಳು ಬರೆಯಬಾರದು ಅಮ್ಮ."

"ಇಲ್ಲದ್ದನ್ನ ಇಲ್ಲ ಅಂತ ಬರೆಯೋದು ಸುಳ್ಳೇನೋ? ಚಲೋ, ಬಸ್ ಬಂತು."

ಶನಿವಾರ ಜಗನ್ನಾಥ ಹೇಳಿದಂತೆ ಮಾಡಿದ. ನಾಲ್ಕು ಸಲ ನೋಡಿ ಡೈರಿಯಲ್ಲಿ ಬರೆದ. ಭಾನುವಾರ ಅವನು ಉಂಡದ್ದೇನೆಂದು ಹೆಂಡತಿ ಶಾರದಮ್ಮ ಕೇಳಿದ್ದರೆ ಹೇಳಲಾರದವನಾಗಿದ್ದ.

ಸೋಮವಾರ ಶಿವರಾತ್ರಿಯ ರಜೆ. ಸಂಜೆ ನಾಲ್ಕಕ್ಕೆ ದೇಚಮ್ಮ ಎಲ್ಲರನ್ನೂ ಬಳಗದ ಕೋಣೆಗೆ ಕರೆಸಿದರು. ಶಾರದಮ್ಮ ಉಪವಾಸದವರಿಗೆಂದು ಗೆಣಸು ಬೇಯಿಸಿ ತಂದಿದ್ದರು. ಬೋಜಮ್ಮಜ್ಜಿಯೂ ರೋಹಿಣಿಯಿಂದ ಆಟೋದಲ್ಲಿ ಬಂದು, ಆಟೋದ ಭಯ್ಯಾನೊಡನೆ ಬಾಡಿಗೆಗೆ ಜಗಳವಾಡಿ ಗೆದ್ದ ಹುರುಪಿನಲ್ಲಿ ಮುಂದಿನ ಕುರ್ಚಿಯಲ್ಲೇ ಕೂತಿದ್ದರು.

"ಹರಿಣಿ, ಪಟ್ಟಿ ತೆಗೆ. ಪರೀಕ್ಷಕ ಏಳು ಇದ್ದಾನಾ?" ದೇಚಮ್ಮ ಕೇಳಿದರು.

"ಹಾಂ ಆಂಟಿ, ಇದ್ದಾನೆ!"

ಜಗನ್ನಾಥ ಕುರ್ಚಿಯ ಅಂಚು ಹಿಡಿದುಕೊಂಡ.

"ನಾನು?"

ಹರಿಣಿ ಮೇಲಿಂದ ಕೆಳಗೆ ನೋಡಿದಳು. "ಇಲ್ಲ. ನೀವು... ಗಾಯಬ್!"

"ಸರಿ ಹೋಯಿತು," ಎಂದು ದೇಚಮ್ಮ ಗೆಣಸಿನ ಸಿಪ್ಪೆ ಬಿಡಿಸುತ್ತ ಕೂತರು. "ಈಗ ಮೊದಲಿಂದ ಹೇಳುತ್ತೇನೆ. ಹೊರಗಿನ ಕಳ್ಳ ಬಂದು ಬೋಜಮ್ಮನ ಹೆಸರು ಕದಿಯಲ್ಲ. ಅವಳನ್ನ ಕದ್ದರೆ ಅವನೇ ತಂದು ಬಿಟ್ಟುಹೋಗುತ್ತಾನೆ."

"ಏಯ್ ದೇಚು!" ಎಂದರು ಬೋಜಮ್ಮ, ಒಳಗೊಳಗೇ ಖುಷಿಯಾಗಿ.

"ಹಾಗಾದರೆ ನಾಲ್ವರಲ್ಲಿ ಒಬ್ಬರು. ಆದರ್ಶ್‌ಗೆ ಹೊಟ್ಟೆಕಿಚ್ಚು ಇತ್ತು. ಇತ್ತಲ್ಲವೇನೋ? ಆದರೆ ಅವನು ಕೆಡಿಸೋದಾದರೆ ಯಾರಿಗೂ ತಿಳಿಯದ ಹಾಗೆ ಕೋಡ್ ಒಳಗೇ ಕೆಡಿಸಬಲ್ಲ. ತಾರೀಖು ಉಳಿಯೋ ಹಾಗೆ, ತನ್ನದೇ ಖಾತೆಯ ಜೊತೆ ಹೆಸರು ಅಳಿಸಲ್ಲ. ಹರಿಣಿ ಜೈಪುರದ ಆನೆ ಮೇಲಿದ್ದಳು. ಜಗನ್ನಾಥನ ಡೈರಿಯನ್ನ ಇಲಾಖೆಯ ಯಾವ ಆಡಿಟರೂ ಅಲ್ಲಾಡಿಸಲಾರ. ಆಗ ನನ್ನನ್ನೇ ಕೇಳಿಕೊಂಡೆ: ಹೋದ ಮೂರು ಹೆಸರಿಗೆ ಸಾಮಾನ್ಯವಾಗಿ ಇರೋದೇನು? ಒಂದು ಮುದುಕಿ, ಒಂದು ತಮಾಷೆ, ಒಂದು ಜಾಲತಾಣದ ಗೊಂಬೆ. ಏನೂ ಇಲ್ಲ. ಅಂಚೆಯಲ್ಲಿ ಕಲಿತದ್ದು ಆಗ ನೆನಪಾಯಿತು. ಕಾಗದದ ಮೇಲೆ ಇರೋದು ದಾರಿ ತೋರಿಸದಿದ್ದರೆ ಇಲ್ಲದ್ದನ್ನ ನೋಡು. ಮೂವರಿಗೂ ಇಲ್ಲದ್ದು ಯಾವುದು? ರಕ್ತದ ಗುಂಪು. ಆ ಕಾಲಂ ಮೂರು ಕಡೆಯೂ ಖಾಲಿ."

ದೇಚಮ್ಮ ಸೂಚನಾ ಫಲಕದ ಕಡೆ ತಿರುಗಿದರು.

"ಭಾನುವಾರ ಬೆಳಿಗ್ಗೆ ಇಲ್ಲಿ ಕೂತು ಎಲ್ಲವನ್ನೂ ಎಣಿಸೋರು ಯಾರು? ಪರೀಕ್ಷಾ ಪಟ್ಟಿಯಲ್ಲಿ ಒಂಬತ್ತು ಹೆಸರು ಉಳಿದ ದಿನವೇ 'ಪಟ್ಟಿಬಲ ೯' ಅಂತ ಹಸಿರು ಶಾಯಿಯಲ್ಲಿ ಬರೆದೋರು ಯಾರು? ಆದರೂ ಊಹೆ ಊಹೆಯೇ. ಅದಕ್ಕೇ ಪರೀಕ್ಷೆ ಒಡ್ಡಿದೆ. ಪರೀಕ್ಷಕನ ಕಾಲಂ ತುಂಬಿಸಿದೆ, ನನ್ನದು ಖಾಲಿ ಬಿಡಿಸಿದೆ. ಅವನು ಉಳಿದ. ನಾನು ಹೋದೆ."

ಚಂಗಪ್ಪ ಎದ್ದು ನಿಂತರು. ನೆಟ್ಟಗೆ, ಪರೇಡಿನಲ್ಲಿ ನಿಂತಂತೆ.

"ನಿಮ್ಮ ಹೆಸರನ್ನ ನಾನೇ ಹೊಡೆದೆ ಮೇಡಂ. ಆದರೆ ಆ್ಯಪನ್ನ ಮುಟ್ಟಿಲ್ಲ. ನಾಮಾವಳಿಯನ್ನ, ಅಂದರೆ ಹೆಸರಿನ ಪಟ್ಟಿಯನ್ನ, ಸರಿ ಮಾಡಿದೆ, ಅಷ್ಟೇ. ಖಾಲಿ ಕಾಲಂ ಇರೋ ಹೆಸರು ನಮ್ಮ ಸೈನ್ಯದಲ್ಲಿ ನಾಮಾವಳಿಗೆ ಹತ್ತೋದಿಲ್ಲ." ಅವರ ದನಿ ಸ್ವಲ್ಪ ಇಳಿಯಿತು. "ಗಡಿಯಲ್ಲಿ ಒಬ್ಬ ಹುಡುಗನ ಕೊರಳ ಬಿಲ್ಲೆಯ ಮೇಲೆ ರಕ್ತದ ಗುಂಪು ಕೆತ್ತಿರಲಿಲ್ಲ. ಡಾಕ್ಟರು ಬಾಟಲಿ ಹಿಡಿದುಕೊಂಡು ಕೇಳಿದರು, ಯಾವುದು, ಯಾವುದು ಅಂತ. ಯಾರಿಗೂ ಗೊತ್ತಿರಲಿಲ್ಲ. ಆವತ್ತಿಂದ ನಾನು ಖಾಲಿ ಕಾಲಂ ಬಿಟ್ಟವನಲ್ಲ."

"ಆ ನಾಮಾವಳಿಯೇ ಆ್ಯಪ್‌ನ ಬಾಗಿಲು ಸುಬೇದಾರರೇ," ಎಂದರು ದೇಚಮ್ಮ ಮೆಲ್ಲಗೆ. "ನೀವು ಕಾವಲುಗಾರ ಒಳ್ಳೆಯವರೇ. ಪರೀಕ್ಷಕ ಬರುತ್ತಾನೆ ಅಂತ ನಿಮಗೆ ಯಾರೂ ಹೇಳಿರಲಿಲ್ಲ."

ಚಂಗಪ್ಪ ಜಗನ್ನಾಥನ ಕಡೆ ತಿರುಗಿದರು. "ತಪ್ಪಾಯಿತು."

"ಅಯ್ಯೋ, ಕೂತ್ಕೊಳಿ ಸಾರ್," ಜಗನ್ನಾಥ ಗಡಬಡಿಸಿ ಎದ್ದ. "ನಮ್ಮ ಕಚೇರಿಯಲ್ಲೂ ಖಾಲಿ ಕಾಲಂ ಇರೋ ಕಾಗದ ಮೇಲಕ್ಕೆ ಹೋಗಲ್ಲ. ನನಗೇ ಹೊಳೆಯಬೇಕಿತ್ತು. ತಪ್ಪು ನನ್ನದೂ..."

"ಮತ್ತೆ ಶುರುವಾಯಿತು!" ದೇಚಮ್ಮ ಗದರಿದರು. "ಜೈಲಿಗೆ ಹೋಗೋ ಆಸೆ ಬಿಡೋ ಮಾರಾಯ. ನಿನ್ನ ಡೈರಿ ಇಲ್ಲದಿದ್ದರೆ ಶನಿವಾರಕ್ಕೂ ಸೋಮವಾರಕ್ಕೂ ನಡುವೆ ಒಂದು ಭಾನುವಾರ ಇದೆ ಅಂತ ನನಗೆ ಕಾಣುತ್ತಲೇ ಇರಲಿಲ್ಲ."

ಆದರ್ಶ್ ಅಷ್ಟು ಹೊತ್ತೂ ಕಂಪ್ಯೂಟರಿನ ಮುಂದೆ ಬಾಗಿ ಪ್ರೋಗ್ರಾಮಿನ ಸಾಲುಗಳನ್ನು ಓದುತ್ತಿದ್ದ. ಈಗ ತಲೆಯೆತ್ತಿದ. "ಅಂಕಲ್, ತಪ್ಪು ಹುಡುಕೋಣ ಅಂತಲೇ ಓದಿದೆ. ಒಂದೂ ಸಿಗಲಿಲ್ಲ. ಇಷ್ಟು ಸಾಫ್ ನಮ್ಮ ಟೀಮ್‌ನಲ್ಲಿ ಯಾರೂ ಬರೆಯಲ್ಲ. ನಾನೂ."

ಐದೂವರೆಗೆ ಹರಿಣಿ ಕಿರುಚಿದಳು. "ಮೇಲ್! ಮೇಲ್ ಆ ಗಯಾ! ಅಪ್ರೂವ್ಡ್, ಅಂಕಲ್! ಅಪ್ರೂವ್ಡ್!"

ಜಗನ್ನಾಥ ಆ ಪತ್ರವನ್ನು ಮೂರು ಸಲ ಓದಿದ. ಒಪ್ಪಿಗೆಯೇ. ಇನ್ನು ಡೆವಲಪ್‌ಮೆಂಟ್ ಮೋಡ್‌ನಿಂದ ಹೊರತರುವ ಗುಂಡಿಯೊಂದನ್ನು ಒತ್ತಿದರೆ ಮುಗಿಯಿತು. ಬೆರಳನ್ನು ಗುಂಡಿಯ ಮೇಲೆ ತಂದ.

"ನಿಲ್ಲಿ!" ಚಂಗಪ್ಪನ ದನಿ ಗುಡುಗಿತು. ಅವರು ಪರದೆಗೆ ಮೂಗು ತಾಗಿಸಿ ನಿಂತಿದ್ದರು. "ಇಲ್ಲಿ ಒಂದು ಕಾಲಂ ಖಾಲಿ ಇದೆ."

ಎಲ್ಲರೂ ಬಾಗಿ ನೋಡಿದರು. ಆ್ಯಪ್‌ನ ಹೆಸರಿನ ಕೆಳಗೆ 'ನಿರ್ಮಾಪಕರು' ಎಂದಿತ್ತು. ಮುಂದೆ ಏನೂ ಇರಲಿಲ್ಲ.

"ಅದು ಕಡ್ಡಾಯವಲ್ಲ," ಎಂದ ಜಗನ್ನಾಥ ಸಂಕೋಚದಿಂದ. "ನಾಳೆ ಏನಾದರೂ ತಪ್ಪು ಬಂದರೆ... ಅಲ್ಲದೆ, ನಾನು ದೊಡ್ಡ ಎಂಜಿನಿಯರ್ ಏನಲ್ಲವಲ್ಲ."

"ಖಾಲಿ ಕಾಲಂ ಇರೋ ಯಾವುದೂ ಈ ಕೋಣೆಯಿಂದ ಹೊರಗೆ ಹೋಗೋದಿಲ್ಲ," ಎಂದರು ಚಂಗಪ್ಪ. "ಭರ್ತಿ ಮಾಡಿ."

ಶಾರದಮ್ಮ ಕೀಲಿಮಣೆಯನ್ನು ಗಂಡನ ಮುಂದಕ್ಕೆ ಸರಿಸಿದರು. ಜಗನ್ನಾಥ ಒಂದೊಂದೇ ಅಕ್ಷರ ಒತ್ತಿ ತನ್ನ ಹೆಸರು ಬರೆದ. ಈ ಸಲ ಎರಡನೆಯ ಬಾರಿ ನೋಡಲಿಲ್ಲ. ಗುಂಡಿ ಒತ್ತಿದ.

ಮುಂದಿನ ಭಾನುವಾರ ಬಳಗದ ಕೋಣೆಗೆ ಹೋದವರು ಫಲಕದಲ್ಲಿ ಹೊಸ ಚೀಟಿ ಕಂಡರು. ಹಸಿರು ಶಾಯಿ, ನೆಟ್ಟಗಿನ ಅಕ್ಷರ:

'ತಾ. ೧-೩-೨೦೦೯. ಕುರ್ಚಿ ೩೨. ಕೇರಂ ಪಾನು ೧೮. ನೆತ್ತರ ನಂಟು, ಪಟ್ಟಿಬಲ ೨೧೪. ಬೋಜಮ್ಮ, ಬಿ ಪಾಸಿಟಿವ್ (ಅತ್ತರು, ಆದರೆ ಚುಚ್ಚಿಸಿಕೊಂಡರು). ಖಾಲಿ ಕಾಲಂ: ನಿಲ್.'