ಮೈಕಿನ ಮುಂದೆ ಬಿಟ್ಟ ದನಿ

“ಕಿರುಚಿ ಮುಗಿದ ಮೇಲೆ ಹಾಗೇ ಎದ್ದು ಬರಬೇಡಿ ಸಾರ್,” ಎಂದ ರೆಕಾರ್ಡಿಸ್ಟ್. “ಅದೇ ಮೈಕಿನ ಮುಂದೆ, ನಿಮ್ಮ ಮಾಮೂಲಿ ದನಿಯಲ್ಲಿ, ‘ನಾನು ಚೆನ್ನಾಗಿದ್ದೀನಿ, ಮನೆಗೆ ಹೋಗ್ತಿದ್ದೀನಿ’ ಅಂತ ಹೇಳಿಬಿಡಿ. ಇಲ್ಲಿ ಎಲ್ಲರೂ ಹೇಳ್ತಾರೆ.”

“ಹೇಳದಿದ್ರೆ?”

“ದನಿ ಇಲ್ಲೇ ಉಳಿಯುತ್ತೆ.”

ಕಿರುಚಲು ಬಂದಿದ್ದವನಿಗೆ ಕಿಸಕ್ಕನೆ ನಗು ಬಂತು. ಆ ನಗುವೇ ಅವನ ಅನ್ನ. ದೆವ್ವದ ಸಿನಿಮಾ ಬಂದ ದಿನವೇ ನೋಡಿ, ವಿಡಿಯೋದಲ್ಲಿ ಅದರ ಚರ್ಮ ಸುಲಿಯುವುದು ಅವನ ಕೆಲಸ. ಸ್ಟಾರು ಗೀರು ಕೊಡುತ್ತಿರಲಿಲ್ಲ. ಎಷ್ಟು ಸಲ ನಗು ಬಂತೋ ಅಷ್ಟು ಕಿಸಕ್. ಜನ ಅವನನ್ನೂ ಕಿಸಕ್ ಎಂದೇ ಕರೆಯುತ್ತಿದ್ದರು. ಅವನಿಂದ ಉಗಿಸಿಕೊಂಡ ನಿರ್ದೇಶಕನೊಬ್ಬ, “ಮುಂದಿನ ಸಿನಿಮಾಕ್ಕೆ ನೀವೇ ಒಂದು ಸಲ ಕಿರುಚಿ ತೋರಿಸಿ,” ಎಂದು ಸವಾಲು ಹಾಕಿದ್ದರಿಂದ ಇವತ್ತು ಮೊದಲ ಸಲ ಡಬ್ಬಿಂಗ್ ಸ್ಟುಡಿಯೋದ ಮೆಟ್ಟಿಲು ಹತ್ತಿದ್ದ.

“ನೀವು ಹೇಳಿದ್ದನ್ನೇ ಸಿನಿಮಾ ಮಾಡಿ. ಈಗ ಬರ್ತಿರೋದಕ್ಕಿಂತ ವಾಸಿ,” ಎಂದ ರೆಕಾರ್ಡಿಸ್ಟನಿಗೆ. “ಹೋದ ತಿಂಗಳು ಗೊಂಬೆದು ಬಂತಲ್ಲ? ಗೊಂಬೆ ಕತ್ತು ತಿರುಗಿಸೋಕೆ ಮುಂಚೆನೇ ಪಿಟೀಲು ಕುಯ್ಯೋಕೆ ಶುರು. ಹೆದರ್ಕೊಳ್ರಪ್ಪೋ ಅಂತ ಡಂಗುರ ಹೊಡೆದ ಹಾಗೆ. ಆಮೇಲೆ ಲಿಫ್ಟಿನ ದೆವ್ವ. ಗೋಡೆ ದಾಟೋಕೆ ಬರೋ ದೆವ್ವಕ್ಕೆ ಲಿಫ್ಟ್ ಯಾಕ್ರೀ? ಕಾಲು ನೋವಾ? ಭಯ ಅಂದ್ರೆ ಖಾಲಿ ಕುರ್ಚಿ. ಈಗ ತಾನೇ ಯಾರೋ ಎದ್ದ ಹಾಗಿರೋ ಕುರ್ಚಿ. ಅದನ್ನ ಸುಮ್ಮನೆ ತೋರಿಸೋ ಗುಂಡಿಗೆ ಒಬ್ಬನಿಗೂ ಇಲ್ಲ.”

ಇದು ಬರೀ ಬಾಯಿಬಡುಕತನವಲ್ಲ. ಚಿಕ್ಕಂದಿನಲ್ಲಿ ಅಪ್ಪನ ತೋಳಿಗೆ ಮುಖ ಒತ್ತಿಕೊಂಡು ಇಂಥ ಸಿನಿಮಾ ನೋಡಿದವನು. ಆ ನಡುಕ ಮತ್ತೆಲ್ಲೂ ಸಿಕ್ಕಿರಲಿಲ್ಲ. ಮನೆಯಲ್ಲಿ ಈಗಲೂ ಅವರಿಬ್ಬರೇ. ಬೆಳಿಗ್ಗೆ ಅಪ್ಪ, “ಎದೆ ಯಾಕೋ ಬಿಗೀತಿದೆ ಕಣೋ,” ಎಂದಿದ್ದ. “ಸಂಜೆ ಡಾಕ್ಟರ ಹತ್ರ ಹೋಗೋಣ, ಜಾಸ್ತಿ ಆದ್ರೆ ಫೋನ್ ಮಾಡು, ಓಡಿ ಬರ್ತೀನಿ,” ಎಂದು ಇವನು ಹೇಳಿ ಬಂದಿದ್ದ.

ಮೂಲೆಯಲ್ಲಿ ಹೆಂಗಸೊಬ್ಬಳು ಕೂತಿದ್ದಳು. ಸುತ್ತ ಜಲ್ಲಿಕಲ್ಲಿನ ತಟ್ಟೆ, ಸವೆದ ಬೂಟು, ಒದ್ದೆ ಗೋಣಿಚೀಲ. ಸಿನಿಮಾಗಳಿಗೆ ಹೆಜ್ಜೆ ಸದ್ದು, ಬಾಗಿಲ ಸದ್ದು ಮಾಡಿಕೊಡುವವಳು. ಅವಳ ಪಕ್ಕದ ಬೆಂಚಿನಲ್ಲಿ ಶಾಲು ಹೊದ್ದ ಹುಡುಗಿ.

“ಆ ಕುಕ್ಕರ್ ವಿಡಿಯೋ ನಿಮ್ಮದೇ ಅಲ್ವಾ?” ಎಂದಳು ಹೆಂಗಸು.

“ಹೂಂ! ನೋಡಿದ್ರಾ?” ಅವನು ಅರಳಿದ. ಯಾವುದೋ ಸಿನಿಮಾದ ಕಿರುಚಾಟವೊಂದನ್ನು ಕತ್ತರಿಸಿ, ‘ಕುಕ್ಕರ್ ಕೂಗ್ತು, ಒಲೆ ಆರಿಸಿ’ ಎಂದು ಅದರ ಮೇಲೆ ತನ್ನ ನಗು ಕೂರಿಸಿದ್ದ. ಎಷ್ಟೋ ಜನ ಅದನ್ನೇ ರಿಂಗ್‌ಟೋನ್ ಮಾಡಿಕೊಂಡಿದ್ದರು.

“ಕಿರುಚಿದವಳು ಇವಳೇ. ನನ್ನ ಮಗಳು. ಇಲ್ಲಿ ಆ ಮಾತು ಹೇಳಿಯೇ ಎದ್ದಿದ್ದಳು. ನೀವು ಅವಳ ದನಿ ಎತ್ಕೊಂಡು ಹೋಗಿ ಕಂಡಕಂಡಲ್ಲಿ ಕೂಗಿಸಿದ್ರಿ. ಅಲ್ಲೆಲ್ಲ ಮನೆಗೆ ಹೋಗ್ತೀನಿ ಅಂತ ಹೇಳೋರು ಯಾರಿದ್ರು? ಅವತ್ತಿಂದ ಇವಳ ಬಾಯಿಂದ ಒಂದು ಅಕ್ಷರ ಹೊರಟಿಲ್ಲ.”

ಹುಡುಗಿ ಅವನನ್ನೇ ನೋಡುತ್ತಿದ್ದಳು. ಕ್ಷಮೆ ಕೇಳುವಷ್ಟು ಹೊತ್ತು ಅವನಿಗಿತ್ತು.

“ಡಾಕ್ಟರಿಗೆ ತೋರಿಸಿ ಅಮ್ಮ,” ಎಂದ. “ಇಲ್ಲಾಂದ್ರೆ ಗ್ಯಾಸ್ಕೆಟ್ ಬದಲಾಯಿಸಿ.”

ರೆಕಾರ್ಡಿಸ್ಟ್ ತಲೆ ತಗ್ಗಿಸಿದ. ಹೆಂಗಸು ಸಿಟ್ಟಾಗಲಿಲ್ಲ. “ಹೋಗಿ ಕಿರುಚಿ,” ಎಂದಳು, ಅಷ್ಟೇ.

ಗಾಜಿನ ಗೋಡೆಯ ಬೂತಿನೊಳಗೆ ಹಳೆ ಸ್ಪಂಜಿನ ಮುಗ್ಗಲು, ಸುಟ್ಟ ಕೂದಲಿನ ಕಮಟು. ಮೈಕಿನ ಕಾಲಿಗೆ ಏನೋ ಕಟ್ಟಿತ್ತು: ಮೈಕಿಗೆ ಹಾಕುವ ಸ್ಪಂಜಿನ ಟೋಪಿ, ಅದಕ್ಕೆ ಬಿಗಿಯಾಗಿ ಸುತ್ತಿದ ಉದ್ದ ಕೂದಲು, ಮೇಲೆ ಬೂದಿ. “ಮಾಟಾನಾ? ಬಜೆಟ್ ಸಾಲದು ಕಣ್ರೀ,” ಎಂದು ಅದನ್ನು ಕಿತ್ತು ಮೂಲೆಗೆಸೆದ. ಬೆರಳಿಗೆ ಬೂದಿ ಮೆತ್ತಿತು. ಪ್ಯಾಂಟಿಗೆ ಒರೆಸಿಕೊಂಡ. ಹೋಗಲಿಲ್ಲ.

ಹೆಡ್‌ಫೋನ್ ಹಾಕಿಕೊಂಡ. ಒಳಗಿನ ದೀಪ ಆರಿತು.

ಜಲ್ಲಿಕಲ್ಲಿನ ಮೇಲೆ ಹೆಜ್ಜೆ. ಕರಕ್. ಕರಕ್. ಆ ಹೆಂಗಸು ಕೆಲಸ ಶುರುಮಾಡಿದಳು ಅಂದುಕೊಂಡ. ಚೆನ್ನಾಗಿಯೇ ಮಾಡ್ತಾಳೆ. ಗಾಜಿನಾಚೆ ನೋಡಿದ.

ಅವಳ ಕೈಗಳು ಮಡಿಲಲ್ಲಿದ್ದವು. ತಟ್ಟೆಯಲ್ಲಿ ಕಲ್ಲು ಅಲುಗುತ್ತಿರಲಿಲ್ಲ.

ಕರಕ್. ಕರಕ್.

ಹೆಡ್‌ಫೋನ್ ಕಿತ್ತೆಸೆದ. ಸದ್ದು ನಿಲ್ಲಲಿಲ್ಲ. ಬೂತಿನೊಳಗೇ ಇತ್ತು. ಬೆನ್ನ ಹಿಂದೆ. ಅಲ್ಲಿ ಕುರ್ಚಿಯೊಂದಿತ್ತು, ಖಾಲಿ, ಬರುವಾಗಲೇ ನೋಡಿದ್ದ. ಅದೀಗ ಕಿರ್ ಎಂದಿತು. ಯಾರೋ ಕೂತರು. ಇಲ್ಲ. ಯಾರೋ ಎದ್ದರು. ಕತ್ತಿಗೆ ಬಿಸಿಯುಸಿರು ತಾಗಿತು. ತಣ್ಣನೆಯ ಬೆರಳೊಂದು ಅವನ ತುಟಿಯ ನಡುವೆ ತೂರಿತು. ನಾಲಿಗೆ ಹುಡುಕಿತು. ಗಂಟಲಿಗಿಳಿಯಿತು.

ಅವನು ಕಿರುಚಿದ. ಕರುಳು ಕಿತ್ತು ಬರುವ ಹಾಗೆ.

ದೀಪ ಬಂತು. ಕುರ್ಚಿ ಖಾಲಿ.

“ಸಾರ್, ಆ ಮಾತು ಹೇಳಿ,” ರೆಕಾರ್ಡಿಸ್ಟ್ ಸ್ಪೀಕರಿನಲ್ಲಿ ಕೂಗಿದ. “ಬೇಗ ಹೇಳಿಬಿಡಿ ಸಾರ್!”

ಹೇಳಲು ಬಾಯಿ ತೆರೆದ. ಮನಸಾರೆ ತೆರೆದ.

ಕಿಸಕ್.

ಮತ್ತೆ ಪ್ರಯತ್ನಿಸಿದ. ಕಿಸಕ್. ಕಿಸಕ್.

ಬಾಗಿಲು ತೆರೆಯಿತು. ಶಾಲು ಹೊದ್ದ ಹುಡುಗಿ ಒಳಗೆ ಬಂದಳು, ಅವನನ್ನು ಪಕ್ಕಕ್ಕೆ ಸರಿಸಿ ಮೈಕಿಗೆ ಬಾಗಿದಳು. ತುಕ್ಕು ಹಿಡಿದ ಬೀಗ ತೆರೆದ ಹಾಗಿತ್ತು ದನಿ. “ನಾನು ಚೆನ್ನಾಗಿದ್ದೀನಿ,” ಎಂದಳು. “ಮನೆಗೆ ಹೋಗ್ತಿದ್ದೀನಿ.”

ಗಾಜಿನಾಚೆ ತಾಯಿ ಬೂಟುಗಳನ್ನು ಚೀಲಕ್ಕೆ ತುಂಬತೊಡಗಿದಳು.

ಅವನು ಬೀದಿಗೆ ಓಡಿದ. ಸುಡುಬಿಸಿಲು, ಗಿಜಿಗುಡುವ ಜನ. ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಅಪ್ಪ.

“ಮಗಾ... ಎದೆ... ಉಸಿರು ಬರ್ತಿಲ್ಲ... ಬೇಗ ಬಾರೋ...”

ಕಿಸಕ್.

“ಏನೋ? ನಗ್ತಿದೀಯಾ?”

ಎದುರಿಗೆ ಬಂದವನ ತೋಳು ಹಿಡಿದು ಫೋನನ್ನು ಅವನ ಕಿವಿಗೆ ಒತ್ತಹೋದ. “ಅಯ್ಯೋ, ಕಿಸಕ್ ಬ್ರದರ್!” ಆತ ಕೂಗಿದ. “ಹೊಸ ವಿಡಿಯೋನಾ? ಬನ್ರೋ, ಬನ್ರೋ!” ಜನ ದಾರಿ ಬಿಡದೆ ಮುತ್ತಿದರು. ಕೈಗಳು ಮೇಲೆದ್ದವು, ಕ್ಯಾಮೆರಾಗಳು ತೆರೆದವು. “ಕಣ್ಣಲ್ಲಿ ನೀರು ನೋಡ್ರೋ! ಏನ್ ಆಕ್ಟಿಂಗು ಗುರೂ!” ಕೈಮುಗಿದ. ಮೊಣಕಾಲೂರಿದ. ಹೋ ಎಂದು ನಕ್ಕರು.

ಫೋನಿನಲ್ಲಿ ಅಪ್ಪ ಒಮ್ಮೆ ಕಿರುಚಿದ.

ಅದರ ಮೇಲೆ, ಅಳತೆ ಮಾಡಿ ಕೂರಿಸಿದ ಹಾಗೆ, ಇವನ ನಗು.