ತಡವರಿಸಿದ ಕೈ

ಗೋಡೆಯಾಚೆ ಟಕ್, ಟಕಟಕ್ ಎಂದು ಸಣ್ಣ ಸದ್ದು. ರಾತ್ರಿ ಹನ್ನೊಂದೂವರೆ. ತೆರೆಸಾ ಟೀಚರ್ ಮೊದಲು ಹಲ್ಲಿಯೆಂದುಕೊಂಡರು. ಆದರೆ ಹಲ್ಲಿ ಹತ್ತು ನಿಮಿಷ ಬಿಡದೆ ಲೊಚಗುಟ್ಟುವುದಿಲ್ಲ. ಗೋಡೆಯಾಚೆ ಇದ್ದದ್ದು ಬೀಗ ಹಾಕಿದ ಅಂಚೆ ಕಚೇರಿ.

ಅದು ೧೪ರ ರಾತ್ರಿ. ಅವರು ಕಾಪು ಠಾಣೆಗೆ ಬಂದದ್ದು ೧೯೭೮ರ ಅಕ್ಟೋಬರ್ ೧೭ರ ಬೆಳಿಗ್ಗೆ ೯.೨೦ಕ್ಕೆ.

"ಮೂರು ದಿನ ಎಂತಕ್ಕೆ ಸುಮ್ಮನಿದ್ದಿರಿ?" ಸಬ್ ಇನ್‌ಸ್ಪೆಕ್ಟರ್ ಭುಜಂಗರು ಕೇಳಿದರು.

"ಟೀಚರಿಗೆ ಭೂತ ಕಂಡಿತು ಎಂದು ನೀವು ನಗಬಾರದಲ್ವಾ?"

ಭುಜಂಗರು ನಗಲಿಲ್ಲ. ಎಫ್‌ಐಆರ್ ಬರೆದು, ಕಾನ್‌ಸ್ಟೆಬಲ್ ಇಮ್ಯಾನುಯೆಲನೊಂದಿಗೆ ಹೊರಟರು.

ಹಳ್ಳಿಯ ಆ ಪುಟ್ಟ ಕಚೇರಿಯಲ್ಲಿ ತಿಜೋರಿ, ಅಂಚೆಚೀಟಿ ಎಲ್ಲವೂ ಸರಿಯಾಗಿದ್ದವು. ಬೀಗ ಮುರಿದಿರಲಿಲ್ಲ. ಟಕಟಕ್ ಎಂದು ತಂತಿ, ಅಂದರೆ ಟೆಲಿಗ್ರಾಂ, ಕಳುಹಿಸುವ ಮೋರ್ಸ್ ಯಂತ್ರ ಎಂದಿನಂತೆ ಮೂಲೆಯ ಮೇಜಿನ ಮೇಲಿತ್ತು.

"ಬೀಗದ ಕೈ ಎಷ್ಟು?"

"ಎರಡು ಸರ್," ಎಂದರು ಪೋಸ್ಟ್‌ಮಾಸ್ಟರ್ ರಾಮದಾಸ. "ಒಂದು ನನ್ನಲ್ಲಿ, ಇನ್ನೊಂದು ಕಿಟ್ಟನಲ್ಲಿ. ಬೆಳಿಗ್ಗೆ ಗುಡಿಸುತ್ತಾನೆ, ತಂತಿ ಬಂದರೆ ಮನೆಮನೆಗೆ ಮುಟ್ಟಿಸುತ್ತಾನೆ. ಓದಿದ್ದು ಏಳನೇ ಕ್ಲಾಸು ಮಾರಾಯ್ರೆ, ಅವನಿಗೆ ಮೋರ್ಸ್ ಎಲ್ಲಿಂದ?"

ಮಂಗಳೂರು, ಈ ಕಚೇರಿ, ಉಡುಪಿ ಮೂರಕ್ಕೂ ಒಂದೇ ತಂತಿ. ಎಲ್ಲಿ ಯಂತ್ರದ ಕೀಲಿ ಒತ್ತಿದರೂ ಉಳಿದೆಡೆ ಕೇಳುತ್ತದೆ. ಮಧ್ಯಾಹ್ನ ಭುಜಂಗರು ಉಡುಪಿಯ ತಂತಿ ಕಚೇರಿಯಲ್ಲಿ ರಾತ್ರಿ ಪಾಳಿಯ ಎಡ್ಮಂಡರನ್ನು ಕಂಡರು. ೧೪ರ ರಾತ್ರಿ ೧೧.೩೫ಕ್ಕೆ 'ಮಂಗಳೂರು' ಎಂದು ಹೇಳಿಕೊಂಡು ಒಂದು ತಂತಿ ಬಂದಿತ್ತು. ಎಡ್ಮಂಡ್ ಅದನ್ನು ಮರುದಿನ ಬೆಳಿಗ್ಗೆ, ಬಾಗಿಲು ತೆರೆದ ಮೇಲೆ, ರಾಮದಾಸರ ಕಚೇರಿಗೇ ರವಾನಿಸಿದ್ದರು. ಮೀನುಗಾರರ ಮನೆಯ ಸುಂದರಿಗೆ, ಮಗ ಚೆನ್ನಪ್ಪನಿಂದ: 'ಸೇಫ್ ಇನ್ ಬಾಂಬೆ. ನಾಟ್ ಸೀರಿಯಸ್. ವಿಲ್ ಸ್ಟಾರ್ಟ್ ಸೂನ್.'

ಚೆನ್ನಪ್ಪ ಹೋದ ದೋಣಿ ಕಾಣೆಯಾಗಿ ಇಪ್ಪತ್ತು ದಿನ ದಾಟಿತ್ತು. ಮಂಗಳೂರಿಗೆ ಫೋನ್ ಮಾಡಿದರೆ, ಅಂಥ ತಂತಿಯೇ ಇಲ್ಲ, ಆ ಹೊತ್ತಿಗೆ ಯಂತ್ರದ ಬಳಿ ಯಾರೂ ಇರಲಿಲ್ಲ ಎಂದರು.

"ಕೈಬರಹ ಇದ್ದ ಹಾಗೆ ಸರ್, ಕೀಲಿ ಒತ್ತುವ ಕೈಯೂ," ಎಂದರು ಎಡ್ಮಂಡ್. "ಇದು ಮಂಗಳೂರಿನವರದಲ್ಲ. ರಾಮದಾಸರದೂ ಅಲ್ಲ, ಅವರ ಕೈ ನನಗೆ ಹತ್ತು ವರ್ಷದಿಂದ ಗೊತ್ತುಂಟು. ಯಾರೋ ಹೊಸಬ ಎಂದುಕೊಂಡೆ. ಆದರೆ ವಿಚಿತ್ರ ನೋಡಿ. 'ಸೀರಿಯಸ್', 'ಸ್ಟಾರ್ಟ್' ನೀರು ಕುಡಿದ ಹಾಗೆ ಹೊಡೆದ. 'ಸೇಫ್' ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರ, ಮೂರು ಸಲ ತಡವರಿಸಿದ."

ಸಂಜೆ ಭುಜಂಗರು ಹಳ್ಳಿಗೆ ಮರಳಿ, ಎರಡು ವರ್ಷದ ತಂತಿಗಳ ಪ್ರತಿಗಳನ್ನು ತಿರುವಿ ಹಾಕಿದರು. 'ಮದರ್ ಸೀರಿಯಸ್, ಸ್ಟಾರ್ಟ್ ಇಮ್ಮೀಡಿಯೆಟ್ಲಿ.' 'ಫಾದರ್ ಎಕ್ಸ್‌ಪೈರ್ಡ್.' ಮತ್ತೆ ಅದೇ. ಬೇರೆ ಎಲ್ಲದಕ್ಕೂ ಈ ಊರಿಗೆ ಕಾಗದ ಸಾಕಿತ್ತು. 'ಸೇಫ್' ಒಂದರಲ್ಲೂ ಇರಲಿಲ್ಲ. ಕೀಲಿ ಒತ್ತಿದವನು ಪುಸ್ತಕದಿಂದ ಕಲಿತಿಲ್ಲ, ಇದೇ ಕೋಣೆಯಲ್ಲಿ ನಿಂತು ಕಿವಿಯಿಂದ ಕಲಿತಿದ್ದಾನೆ.

ಕಿಟ್ಟನನ್ನು ಕರೆಸಿದರು.

"ಮೋರ್ಸ್ ಬರುತ್ತದಾ?"

ಕಿಟ್ಟ ಕಾಲಬೆರಳು ನೋಡಿದ. "ಗುಡಿಸುವಾಗ ಕಿವಿಗೆ ಬೀಳುತ್ತಿತ್ತು ಸರ್. ಮಾಸ್ಟ್ರು ಬರೆದದ್ದರ ಜೊತೆ ಹೊಂದಿಸಿ ನೋಡಿದೆ."

"ಎಂತಕ್ಕೆ ಹೀಗೆ ಮಾಡಿದೆ?"

"ತಂತಿ ಹಂಚಲಿಕ್ಕೆ ಶುರು ಮಾಡಿ ಹದಿನಾಲ್ಕು ವರ್ಷ ಸರ್. ನನ್ನ ಸೈಕಲ್ ಬೆಲ್ ಕೇಳಿದರೆ ಹೆಂಗಸರು ಅಳಲಿಕ್ಕೆ ಶುರು ಮಾಡುತ್ತಾರೆ. ಸುಂದರಕ್ಕ ಊಟ ಬಿಟ್ಟಿದ್ದರು. ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಂದು ಸಲವಾದರೂ ನಾನು..."

ಸಂಜೆ ೫.೪೦ಕ್ಕೆ ಅವನನ್ನು ಬಂಧಿಸಿದರು.

ತಂತಿಯ ಕಾಗದವನ್ನು ಪಂಚನಾಮೆ ಮಾಡಿ ವಶಪಡಿಸಿಕೊಳ್ಳಬೇಕಿತ್ತು. ಸುಂದರಿ ಅಕ್ಕಿ ಡಬ್ಬದೊಳಗಿಂದ ಅದನ್ನು ತೆಗೆದು ಕೊಟ್ಟಳು. ಪಂಚರು ಸಹಿ ಹಾಕಿ ಹೋದ ಮೇಲೆ ಭುಜಂಗರು ಅವಳ ಕಡೆ ತಿರುಗಿದರು.

"ಅಮ್ಮಾ, ಇದು..."

"ಗೊತ್ತುಂಟು ಸರ್. ಕವರು ಅಂಟಿಸಿದ ಹಾಗೆಯೇ ಇತ್ತು. ಕಿಟ್ಟ ಗೇಟಿನಿಂದಲೇ 'ಸುಂದರಕ್ಕ, ಒಳ್ಳೆ ಸುದ್ದಿ' ಎಂದು ನಗುತ್ತಾ ಬಂದ. ಒಡೆಯುವ ಮೊದಲೇ ಅವನಿಗೆ ಹೇಗೆ ಗೊತ್ತು? ಓದಿ ಹೇಳಿದ. ನಾನು ಅವನೆದುರು ಒಂದು ಬಟ್ಟಲು ಗಂಜಿ ಕುಡಿದೆ. ಅಷ್ಟು ಆಸೆಯಲ್ಲಿ ನಿಂತಿದ್ದನಲ್ಲ."

ರಾತ್ರಿ ಲಾಕಪ್ಪಿನ ಕಂಬಿ ಹಿಡಿದು ಕಿಟ್ಟ ಕೇಳಿದ, "ಸರ್, ಅವರು ನಂಬಿದ್ದರಲ್ವಾ?"

ಭುಜಂಗರು ಡೈರಿಯಿಂದ ತಲೆ ಎತ್ತಲಿಲ್ಲ. "ನಂಬಿದ್ದರು. ಗಂಜಿ ಕುಡಿದರಂತೆ."

ಕಿಟ್ಟ ಗೋಡೆಗೊರಗಿ ಕುಳಿತು ಕಣ್ಣು ಮುಚ್ಚಿದ. ಭುಜಂಗರು ಸುಂದರಿಯ ಹೇಳಿಕೆಯಲ್ಲಿ ತಂತಿ ಮುಟ್ಟಿದ ದಿನ, ಸಮಯ ಬರೆದರು. ಕವರಿನ ಸಂಗತಿ ಬರೆಯಲಿಲ್ಲ. ಇಮ್ಯಾನುಯೆಲನಿಗಾಗಲಿ, ಮನೆಯಲ್ಲಾಗಲಿ, ಯಾರಿಗೂ ಅದನ್ನು ಹೇಳುವುದಿಲ್ಲವೆಂದುಕೊಂಡು ಡೈರಿ ಮುಚ್ಚಿದರು.