ಬಲ ಭುಜ, ಅರ್ಧ ಇಂಚು ಕೆಳಗೆ

ಆ ಬೆಳಿಗ್ಗೆ ಬೀಸಿದ ಗಾಳಿ ಎಂಥದ್ದೆಂದರೆ, ರೈಲು ನಿಲ್ದಾಣದ ದೊಡ್ಡ ಗಡಿಯಾರದ ಮುಳ್ಳುಗಳು ಹಿಂದಕ್ಕೆ ತಿರುಗಿ, ಒಂಬತ್ತು ಗಂಟೆಯ ರೈಲು ಎಂಟೂವರೆಗೇ ಬಂದು ತಲುಪಿತು. ಸುಳ್ಳಲ್ಲ, ಕಣ್ಣಾರೆ ಕಂಡಿದ್ದೇನೆ. ಒಬ್ಬರ ತಲೆಯಿಂದ ಹಾರಿದ ಟೋಪಿ ಪಕ್ಕದ ದೇಶದಲ್ಲಿ ಇಳಿದು, ಮೂರನೇ ದಿನ ಅಂಚೆಯಲ್ಲಿ ವಾಪಸ್ ಬಂತು.

ಆ ರೈಲಿನಿಂದ ನಮ್ಮ ನಾಯಕಿ ಇಳಿದಳು.

ಎರಡು ವಿಮಾನ, ಒಂದು ಬಸ್ಸು, ಕೊನೆಗೊಂದು ರೈಲು. ಮೂವತ್ತು ಗಂಟೆಯ ಪ್ರಯಾಣ, ಅವಳ ಮುಖ ನೋಡಿದರೆ ಮುನ್ನೂರು. ಮೈಮೇಲೆ ಆ ಚಳಿಗೆ ಏನೇನೂ ಸಾಲದ ತೆಳು ಸ್ವೆಟರ್, ಕೈಯಲ್ಲಿ ಚಕ್ರ ಮುರಿದ ಸೂಟ್‌ಕೇಸ್. ಆದರೂ ಎಷ್ಟು ಚೆಂದವಿದ್ದಳೆಂದರೆ, ಟಿಕೆಟ್ ಕೇಳಲು ಬಂದ ಅಧಿಕಾರಿ ತನ್ನದೇ ಗುರುತಿನ ಚೀಟಿ ತೋರಿಸಿ ಹೋದ.

ಅವಳು ಸುತ್ತ ನೋಡಿದಳು. ಕರೆದೊಯ್ಯಲು ಯಾರೂ ಬಂದಿರಲಿಲ್ಲ.

'ಕೆಲಸಕ್ಕೆ ಬರೋಳನ್ನ ಯಾರು ಎದುರುಗೊಳ್ತಾರೆ...' ಎಂದುಕೊಂಡು ಸೂಟ್‌ಕೇಸ್ ಎಳೆದಳು.

ಅವಳದು ಬಟ್ಟೆ ಕತ್ತರಿಸುವ ಕೆಲಸ. ಈ ಪರದೇಶದ ಊರಿನಲ್ಲಿ ಅವಳದೇ ಭಾಷೆಯವನೊಬ್ಬ ಟೇಲರ್ ಇದ್ದ. ಎಲ್ಲರಿಗೂ ಅವನು ಮಾಸ್ಟರ್. ಅವನು ಗಿರಾಕಿಗಳ ಅಳತೆ ಚೀಟಿಯನ್ನು ಫೋನಿನಲ್ಲಿ ಕಳಿಸುತ್ತಿದ್ದ, ಅವಳು ತನ್ನೂರಿನಲ್ಲಿ ಬಟ್ಟೆ ಕತ್ತರಿಸಿ ಪಾರ್ಸೆಲ್ ಮಾಡುತ್ತಿದ್ದಳು, ಅವನು ಹೊಲಿಯುತ್ತಿದ್ದ. ಎರಡು ವರ್ಷ ಹೀಗೇ ನಡೆದಿತ್ತು. ದಿನವೂ ವಿಡಿಯೋ ಕರೆ. ಕಾಲರಿನಿಂದ ಶುರುವಾದ ಮಾತು ತೋಳಿಗೆ ಇಳಿಯುವಷ್ಟರಲ್ಲಿ ಊಟ, ನೆಗಡಿ, ಬಾಲ್ಯ ಎಲ್ಲ ಸುತ್ತಿ ಬರುತ್ತಿತ್ತು. ಯಾವ ಕಾಲರಿಗೂ ಯಾವ ತೋಳಿಗೂ ನಡುವೆ ಮನಸ್ಸು ಜಾರಿತೋ ಅವಳಿಗೇ ಗೊತ್ತಾಗಲಿಲ್ಲ.

ಅಂಗಡಿಗೇ ಬಂದು ಕೆಲಸ ಮಾಡಿ ಎಂದು ಅವನು ಕರೆದ. ಒಪ್ಪಿದಳು. ಹೊರಡಲು ಮೂರು ವಾರವಿದೆ ಎನ್ನುವಾಗ ಆ ಚೀಟಿ ಬಂತು. ಹೆಂಗಸೊಬ್ಬಳ ಕೋಟಿನ ಅಳತೆ. ಮೇಲೆ ಒಂದು ಸಾಲು: 'ನಮ್ಮ ಮನೆಗೆ ಬರುವವಳಿಗೆ. ಬಲ ಭುಜ ಅರ್ಧ ಇಂಚು ಕೆಳಗಿದೆ, ಗಮನಿಸಿ.'

ಗಮನಿಸಿದಳು. ಆ ಭುಜದ ಪುಣ್ಯವನ್ನು ನೆನೆದು ಒಂದು ರಾತ್ರಿ ಅತ್ತಳು. ಆದರೆ ಕತ್ತರಿ ಒಂದು ನೂಲೆಳೆಯೂ ತಪ್ಪಲಿಲ್ಲ. ಅಷ್ಟು ಜೋಪಾನವಾಗಿ ಅವಳು ಹಿಂದೆಂದೂ ಕತ್ತರಿಸಿರಲಿಲ್ಲ. 'ಪಾರ್ಸೆಲ್ ಕಳಿಸಿದ್ದೇನೆ' ಎಂದಷ್ಟೇ ಬರೆದಳು. ಆಮೇಲೆ ವಿಡಿಯೋ ಕರೆಗೆ ಏನೇನೋ ನೆಪ.

ಈಗ ಬಂದದ್ದು ಕೊಟ್ಟ ಮಾತಿಗೆ. ಮುಖ ನೋಡಿ 'ಆಗಲ್ಲ' ಎಂದು ಹೇಳಿ, ಸಂಜೆಯ ರೈಲಿಗೆ ಹೊರಟುಬಿಡುವುದು...

ಬೀದಿಗಳೋ, ಕಣ್ಣು ಮಿಟುಕಿಸಿದರೆ ಜಾಗ ಬದಲಾಯಿಸುವಂಥವು. ಎರಡು ಸಲ ದಾರಿ ತಪ್ಪಿದಳು. ಬ್ರೆಡ್ ಅಂಗಡಿಯ ಗಾಜಿನ ಮುಂದೆ ನಿಂತು ಕೂದಲು ಸರಿಮಾಡಿಕೊಂಡಳು. 'ಯಾರು ನೋಡ್ಬೇಕು?' ಎನ್ನಿಸಿತೇನೋ, ತಾನೇ ಕೆದರಿಕೊಂಡಳು. ಸೇತುವೆಯ ಪಕ್ಕದ ಬೆಂಚಿನಲ್ಲಿ ಕುಳಿತು ಚಪ್ಪಲಿ ಕಳಚಿ ಹಿಮ್ಮಡಿ ತಿಕ್ಕಿದಳು. ಎರಡು ಹನಿ ಉದುರಿದವು. ಆ ಎರಡೇ ಹನಿಗೆ ಕೆಳಗಿನ ಹೊಳೆ ಒಂದಡಿ ಏರಿತು.

'ಇಷ್ಟು ದೊಡ್ಡ ಊರಲ್ಲಿ ನನ್ನವರು ಅಂತ ಒಬ್ಬರೂ ಇಲ್ಲ...'

ಅಂಗಡಿ ಸಿಕ್ಕಾಗ ಮಧ್ಯಾಹ್ನ. ಇಕ್ಕಟ್ಟಾದ ಕೋಣೆ, ಸೀಸೆ ತುಂಬ ಗುಂಡಿಗಳು, ಇಸ್ತ್ರಿ ಮೇಜಿನ ಹಬೆ. ಹಬೆಯೊಳಗಿಂದ ಮಾಸ್ಟರ್‌ನ ಚಿಕ್ಕಮ್ಮ ಮೂಡಿ ಬಂದರು. ಮಾಸ್ಟರ್ ಯಾವುದೋ ಅರ್ಜೆಂಟ್ ಆರ್ಡರ್ ಅಂತ ಬೆಳಕು ಹರಿಯುವ ಮೊದಲೇ ಹೋದವನು ಇನ್ನೂ ಬಂದಿಲ್ಲ ಎಂದು ಬೈಯುತ್ತಲೇ ಬಿಸಿ ಟೀ ಕೈಗಿಟ್ಟರು.

ಮೂಲೆಯ ಗೊಂಬೆಯ ಮೇಲೆ ಆ ಕೋಟು ಇತ್ತು. ಅವಳು ಕಣ್ಣು ತಿರುಗಿಸಿದಳು.

"ಚಿಕ್ಕಮ್ಮ, ನಾನು ಸಂಜೆ ರೈಲಿಗೆ ವಾಪಸ್ ಹೋಗ್ತೀನಿ."

"ಹೋಗುವಿಯಂತೆ. ಮೊದಲು ನಡುಗೋದು ನಿಲ್ಲಿಸು. ತಗೋ, ಇದನ್ನ ಹಾಕ್ಕೋ."

"ಬೇಡ, ಅದು ಬೇರೆಯವರದು."

"ಬೇರೆಯವರು ಬಂದು ಕೇಳಿದ್ರೆ ನಾನು ಹೇಳ್ಕೋತೀನಿ."

ಬೇಡ ಬೇಡ ಎನ್ನುತ್ತಿರುವಾಗಲೇ ಕೋಟು ಮೈಮೇಲೆ ಬಂತು. ಎದೆ ಸರಿ. ಸೊಂಟ ಸರಿ. ತೋಳು ಮಣಿಕಟ್ಟಿಗೆ ಬಂದು ನಿಂತಿತು. ಬಲ ಭುಜ... ಹತ್ತು ವರ್ಷ ಭಾರದ ಕತ್ತರಿ ಹಿಡಿದು ಅರ್ಧ ಇಂಚು ಇಳಿದುಹೋದ ಆ ಭುಜದ ಮೇಲೆ ಒಂದು ಸುಕ್ಕೂ ಇಲ್ಲದೆ ಕುಳಿತಿತು.

ಅವಳು ಕನ್ನಡಿಯನ್ನೇ ನೋಡುತ್ತ ನಿಂತಳು. ಹಿಂದಿನ ಬಾಗಿಲು ತೆರೆದು, ಏದುಸಿರು ಬಿಡುತ್ತ ಮಾಸ್ಟರ್ ಒಳಗೆ ಬಂದ. ಅವನ ರೂಪ ವರ್ಣಿಸಲು ನಾನು ಕಥೆ ಬರೆಯುವ ಈ ಆ್ಯಪ್‌ನಲ್ಲಿ ಜಾಗ ಸಾಲದು. ಎತ್ತರ ಆರಡಿ. ಇರಲಿ, ಐದೂವರೆ.

"ಈ ಅಳತೆ ಯಾರದು?" ಅವಳ ದನಿ ಸಣ್ಣಗಿತ್ತು.

"ನೀವು ಕತ್ತರಿಸೋವಾಗ ಹಿಂದೆ ಗೋಡೆ ಮೇಲೆ ಅಳತೆ ಪಟ್ಟಿ ಕಾಣತ್ತಲ್ಲ... ಎರಡು ವರ್ಷ ನೋಡಿದ್ದೀನಿ."

"ಪಟ್ಟೀನಾ?"

"ಪಟ್ಟಿ ಮುಂದೆ ನಿಂತವರನ್ನ." ಅವನು ತಲೆ ತಗ್ಗಿಸಿದ. "ನಮ್ಮ ಮನೆಗೆ ಬರ್ತೀರಾ ಅಂತ ಬಾಯಿಬಿಟ್ಟು ಕೇಳೋಕೆ ಆಗಲಿಲ್ಲ. ಚೀಟಿ ನೋಡಿದ ತಕ್ಷಣ ನಿಮ್ಮ ಅಳತೆ ನಿಮಗೆ ಗೊತ್ತಾಗತ್ತೆ ಅಂದ್ಕೊಂಡೆ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಊರಿನವರ ಅಳತೆಯೆಲ್ಲ ಬಾಯಿಪಾಠ ಇದೆ ಮಾಸ್ಟರ್. ನನ್ನ ಮೈಗೆ ಟೇಪು ಹಿಡಿಯೋರು ಯಾರಿದ್ರು? ತಂಗಿ ರವಿಕೆ ಅಳತೆಗೇ ನಂದೂ ಹೊಲ್ಕೋತಿದ್ದೆ."

ಇಸ್ತ್ರಿ ಮೇಜಿನ ಕಡೆಯಿಂದ ಚಿಕ್ಕಮ್ಮ, ರೈಲು ಎಷ್ಟು ಗಂಟೆಗೆ ಎಂದು ಕೇಳಿದರು.

"ಯಾವ ರೈಲು?" ಎಂದಳು ಅವಳು.

ಇಲ್ಲಿಗೆ ಕಥೆ ಮುಗಿಸಿ ಕಳಿಸಿಬಿಡಬೇಕೆಂದಿದ್ದೆ. ಬೆನ್ನ ಹಿಂದೆ ಕತ್ತರಿಯ ಸದ್ದು ನಿಂತಿತು. ಏಳು ವರ್ಷದಿಂದ ಕೇಳುತ್ತಿರುವ ಸದ್ದು. ಅವಳು ನನ್ನ ಹೆಗಲ ಮೇಲಿಂದ ಇಣುಕಿ ಓದುತ್ತಿದ್ದಳು.

"ರೀ. ಬ್ರೆಡ್ ಅಂಗಡಿ ಗಾಜಿನ ವಿಷಯ ನಾನು ಯಾರಿಗೂ ಹೇಳಿಲ್ಲ. ಸೇತುವೆ ಹತ್ರ ಅತ್ತಿದ್ದೂ ಹೇಳಿಲ್ಲ."

ಅದೆಲ್ಲ ಲೇಖಕನ ಕಲ್ಪನೆ ಎಂದೆ.

"ಚಪ್ಪಲಿ ಕಳಚಿದ್ದೂ ಕಲ್ಪನೆಯಾ? ಗಡಿಯಾರ ಕಣ್ಣಾರೆ ಕಂಡೆ ಅಂತ ಬೇರೆ ಬರ್ದಿದ್ದೀರಿ. ನಿಜ ಹೇಳಿ, ಆವತ್ತಿನ ಅರ್ಜೆಂಟ್ ಆರ್ಡರ್ ಯಾರದ್ದು?"

ಸಿಕ್ಕಿಬಿದ್ದೆ. ಓದುಗರೇ, ನಿಜ ಇಷ್ಟು. ಗಾಳಿ ಇರಲಿಲ್ಲ. ಗಡಿಯಾರ ನೆಟ್ಟಗಿತ್ತು, ರೈಲು ನಲವತ್ತು ನಿಮಿಷ ತಡ. ಗೊತ್ತು, ಏಕೆಂದರೆ ಆರು ಗಂಟೆಯಿಂದ ಆ ಗಡಿಯಾರದ ಕೆಳಗೇ ನಿಂತಿದ್ದೆ. ಪಾರ್ಸೆಲ್ ಬಂದಿತ್ತು, ಆದರೆ ಚೀಟಿಯಲ್ಲಿ ಕೇಳಿದ್ದಕ್ಕೆ ಮೂರು ವಾರ ಉತ್ತರವಿಲ್ಲ. ಅದೇ ಅವಳ 'ಬೇಡ' ಎಂದು ತಿಳಿದಿದ್ದೆ. ಅವಳು ಇಳಿದು ಸುತ್ತ ನೋಡಿದಾಗ ಕಂಬದ ಹಿಂದೆ ಅಡಗಿದೆ. ಆಮೇಲೆ ಇಡೀ ದಾರಿ ನಲವತ್ತು ಹೆಜ್ಜೆ ಹಿಂದೆ ನಡೆದೆ. ಅವಳು ಅತ್ತಾಗ ಕರವಸ್ತ್ರ ತೆಗೆದು ಕೈಯಲ್ಲೇ ಹಿಡಿದು ನಿಂತೆ. ಹತ್ತಿರ ಹೋಗಲಿಲ್ಲ. ಕೊನೆಗೆ ಹಿತ್ತಲ ಓಣಿಯಲ್ಲಿ ಓಡಿ ಬಂದೆ. ಇಡೀ ಕಥೆಯಲ್ಲಿ ಉಪ್ಪುಖಾರ ಹಚ್ಚಲಾಗದ ಭಾಗ ಇದೊಂದೇ.

ಅವಳು ಆ ಸಾಲಿನ ಮೇಲೆ ಬೆರಳಿಟ್ಟಳು.

"ನಲವತ್ತು ಹೆಜ್ಜೆ ಅಂದ್ರೆ, ನಿಮ್ಮ ನಲವತ್ತಾ, ನಿಜವಾದ ನಲವತ್ತಾ?"

"...ಹದಿನೈದು. ಸೇತುವೆ ಹತ್ರ ಹತ್ತು."

ಕತ್ತರಿ ಕೆಳಗಿಟ್ಟು ನನ್ನ ಪಕ್ಕ ಬಂದು ಕುಳಿತಳು.

"ಹಾಗಾದ್ರೆ ಆವತ್ತು ಈ ಊರಲ್ಲಿ ನಾನು ಒಬ್ಬಳೇ ಇರಲಿಲ್ಲ."

"ಇರಲಿಲ್ಲ," ಎಂದೆ.